ಅಳತೆಗೆ ಮುಂಚೆ ಸೊನ್ನೆ

ಫೆಬ್ರವರಿ 3

ಚೂಟಿಗೆ,

ಪೆಟ್ಟಿಗೆ ತೆರೆದಾಗ ಹರಳಿಗಿಂತ ಮೊದಲು ನನ್ನ ಪತ್ರವೇ ಕೈಗೆ ಸಿಕ್ಕಿರುತ್ತದೆ. ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಎಲ್ಲರೂ ಅಂದರೆ ನಾನು ಮತ್ತು ನಿನ್ನ ಅಣ್ಣ, ಇಬ್ಬರೇ. ಕೆಟ್ಟಿರುವುದು ನನ್ನ ಮೂರನೇ ಕುಲುಮೆಯ ಹೆಸರು.

ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ, ನೇರವಾಗಿ ಹೇಳುತ್ತೇನೆ. ನಾನು ಬೆಳೆಸುವ ಸಿಲಿಕಾನ್ ದಿಂಡನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಆಸ್ಪತ್ರೆಗಳ ಉಸಿರಾಟದ ಯಂತ್ರಕ್ಕೆ ಸ್ವಿಚ್ ಮಾಡುವವರಿಗೆ ಕೊಡುತ್ತೇವೆ. ಇದು ನಿನಗೆ ಗೊತ್ತಿರುವುದೇ. ಹೋದ ತಿಂಗಳು ಮೂರು ಯಂತ್ರಗಳು ರೋಗಿಗೆ ಹಾಕಿದ್ದಾಗಲೇ ನಿಂತುಹೋದವು. ನರ್ಸುಗಳು ಕೈಯಲ್ಲೇ ಗಾಳಿ ಒತ್ತಿ ಮೂವರನ್ನೂ ಉಳಿಸಿಕೊಂಡರು. ಸ್ವಿಚ್ ಬಿಚ್ಚಿ ನೋಡಿದರೆ ಮೂರರಲ್ಲೂ ನನ್ನ ಕುಲುಮೆಯ ಹರಳು. ಅದೇ ಕುಲುಮೆಯಿಂದ ಬಂದ ಹೊಸ ದಿಂಡಿನ ಇನ್ನೂರು ಬಿಲ್ಲೆ ಉಗ್ರಾಣದಲ್ಲಿ ಕಾಯುತ್ತಿವೆ. ಇಲ್ಲಿಯ ಎಲ್ಲ ಪರೀಕ್ಷೆಯಲ್ಲೂ ಅವು ಪಾಸು. ಆದರೆ ಮೊದಲ ಮೂರೂ ಇಲ್ಲಿ ಪಾಸಾಗಿಯೇ ಹೋದವಲ್ಲ! ಕಾರ್ಖಾನೆಯ ಯಜಮಾನರು ಹೇಳಿದ್ದು ಇಷ್ಟು: "ತಿಂಗಳ ಕೊನೆ ಒಳಗೆ ಹರಳಿನ ಹೊಟ್ಟೇಲಿ ಏನೂ ದೋಷ ಇಲ್ಲ ಅಂತ ಹೊರಗಿನವರ ಕೈಲಿ ಹೇಳ್ಸಿ. ಇಲ್ಲಾಂದ್ರೆ ಮೂರನೇ ಕುಲುಮೆ ಆರಿಸ್ತೀವಿ."

ಹದಿನೇಳು ವರ್ಷ ಆ ಕುಲುಮೆಯ ಕಿಟಕಿಯಲ್ಲಿ ಕಣ್ಣಿಟ್ಟವಳು ನಾನು. ಅದರಲ್ಲಿ ದೋಷ ಇದ್ದರೆ ನನಗೆ ಗೊತ್ತಾಗುವುದಿಲ್ಲವೇ? ನೀನು ಅದೇನೋ ಮ್ಯುವಾನ್ ಅನ್ನುತ್ತೀಯಲ್ಲ, ಹರಳಿನ ಒಳಗೆ ಹೊಕ್ಕು ನೋಡಿ ಬರುವಂಥದ್ದು, ಅದನ್ನು ಒಂದು ಸಲ ಇದಕ್ಕೆ ಬಿಡು. ನನ್ನ ಮಾತನ್ನು ಅವರು ನಂಬುವುದಿಲ್ಲ, ನಿನ್ನ ಯಂತ್ರದ ಮಾತನ್ನು ನಂಬುತ್ತಾರೆ.

ಫೋನಿನಲ್ಲಿ ಇಷ್ಟೆಲ್ಲ ಹೇಳಲಾಗದು. ಕುಲುಮೆಯ ಹತ್ತಿರ ಫೋನ್ ಒಯ್ಯುವ ಹಾಗಿಲ್ಲ. ಮನೆಯಲ್ಲಿ ನಿನ್ನ ಹೆಸರು ಎತ್ತಿದರೆ ನಿನ್ನ ಅಣ್ಣ ತಟ್ಟೆ ಬಿಟ್ಟು ಏಳುತ್ತಾರೆ. ಪೆಟ್ಟಿಗೆ ಕಟ್ಟುವವರು ಅವರೇ, ಅದು ನಿನ್ನ ಪ್ರಯೋಗಶಾಲೆಗೆ ಹೋಗುತ್ತದೆ ಅಂತಲೂ ಗೊತ್ತು. ಪತ್ರದ ವಿಷಯ ಮಾತ್ರ ಗೊತ್ತಿಲ್ಲ. ಅವರು ಊಟಕ್ಕೆ ಹೋದಾಗ ಒಳಗೆ ತುರುಕುತ್ತಿದ್ದೇನೆ.

ಬೇಗ ನೋಡು ಮಾರಾಯ್ತಿ, ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ.

ನಿನ್ನ ಅತ್ತಿಗೆ

ಫೆಬ್ರವರಿ 9

ಅತ್ತಿಗೆ,

ಕುಶಲಕ್ಕೆ ಒಂದು ಸಾಲು, ಕುಲುಮೆಗೆ ಎರಡು ಪುಟ. ನಿಮ್ಮನ್ನು ಬದಲಾಯಿಸಲು ಬ್ರಹ್ಮನಿಂದಲೂ ಆಗದು. ಆದರೂ ಆ ಗುಂಡಗಿನ ಅಕ್ಷರ ನೋಡಿ ಕಣ್ಣು ತುಂಬಿತು, ಹೇಳಿಬಿಡುತ್ತೇನೆ. ಪತ್ರಕ್ಕೆಂದೇ ಸ್ಪಂಜಿನಲ್ಲಿ ಅಚ್ಚುಕಟ್ಟಾಗಿ ಗೂಡು ಕೊರೆದಿದ್ದೀರಲ್ಲ, ತುರುಕುತ್ತೇನೆ ಅಂತ ಬೇರೆ ಬರೆದಿದ್ದೀರಿ! ಏನು ಚಾಲಾಕಿ!

ನನ್ನ ಮ್ಯುವಾನ್ ಏನು ಮಾಡುತ್ತದೆ ಕೇಳಿ. ಅದು ಪರಮಾಣುವಿಗಿಂತ ಎಷ್ಟೋ ಪಟ್ಟು ಚಿಕ್ಕ ಕಣ. ಬುಗುರಿಯ ಹಾಗೆ ತಿರುಗುತ್ತಿರುತ್ತದೆ. ಸರಾಸರಿ ಆಯಸ್ಸು ಎರಡು ಮೈಕ್ರೊಸೆಕೆಂಡ್, ಅಂದರೆ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲು; ಕೆಲವು ಇನ್ನೂ ತುಸು ಹೆಚ್ಚು ಬಾಳುತ್ತವೆ. ಅಷ್ಟರಲ್ಲೇ ಅದು ಹರಳಿನೊಳಗೆ ಓಡಿ, ಒಂದು ಕಡೆ ಕೂತು, ಅಲ್ಲಿಯ ಕಾಂತದ ಸೆಳೆತಕ್ಕೆ ಓಲಾಡಿ, ಸಾಯುವಾಗ ತನ್ನ ಮುಖ ಯಾವ ಕಡೆಗಿತ್ತು ಎಂದು ಒಂದು ಕಿಡಿ ಹಾರಿಸಿ ಹೇಳಿ ಹೋಗುತ್ತದೆ. ಇಂಥ ಕೋಟ್ಯಂತರ ಕಿಡಿಗಳನ್ನು ಎಣಿಸಿದರೆ ಪರದೆಯ ಮೇಲೆ ಒಂದು ಅಲೆ ಮೂಡುತ್ತದೆ. ನಿಮ್ಮದರಂಥ ಹರಳು ಶುದ್ಧವಾಗಿದ್ದರೆ ಅಲೆ ಕುಂದದೆ ಬಹಳ ಹೊತ್ತು ಸಾಗುತ್ತದೆ. ಹರಳಿನ ಸಾಲಿನಲ್ಲಿ ಪರಮಾಣು ತಪ್ಪಿಹೋಗಿ ಗುಂಡಿ ಬಿದ್ದಿದ್ದರೆ ಮ್ಯುವಾನ್ ಅದರಲ್ಲಿ ಸಿಕ್ಕಿಬೀಳುತ್ತದೆ, ಅಲೆ ಬೇಗ ಕುಂದುತ್ತದೆ. ಹೊರಗಿನಿಂದ ನುಸುಳುವ ಹೈಡ್ರೋಜನ್ ಕೂಡ ಹೀಗೆಯೇ ಗುಂಡಿಗಳಲ್ಲಿ ಸೇರಿಕೊಂಡು ಸ್ವಿಚ್ಚನ್ನು ಒಳಗಿಂದೊಳಗೇ ಕೊಲ್ಲುತ್ತದೆ. ನಿಮ್ಮ ಮೂರು ಯಂತ್ರಕ್ಕೆ ಆಗಿರುವುದು ಅದೇ ಇರಬಹುದು, ಇಲ್ಲದೆಯೂ ಇರಬಹುದು.

ಇಪ್ಪತ್ತನೇ ತಾರೀಕಿನಿಂದ ಕಣದ ಧಾರೆ ನನಗೆ ಆರು ದಿನ ಸಿಗುತ್ತದೆ. ಅದರಲ್ಲಿ ಒಂದೂವರೆ ದಿನ ನಿಮಗೆ. ಒಂದು ಕೆಟ್ಟ ಸುದ್ದಿ: ನೀವು ಕಳಿಸಿದ ಬಿಲ್ಲೆ ಬಿರುಕು ಬಿಟ್ಟಿದೆ. ದಾರಿಯಲ್ಲಿ ಆಯಿತೋ ಏನೋ. ಅಂಥದ್ದೇ ಇನ್ನೊಂದು ಕಳಿಸಿ.

ಪೆಟ್ಟಿಗೆಯಲ್ಲಿ ಅಣ್ಣನ ಚೀಟಿಯೂ ಇತ್ತು. ಮಡಿಕೆ ಬಿಚ್ಚದೆ ಡ್ರಾಯರಿನಲ್ಲಿ ಹಾಕಿಟ್ಟೆ. ಅವನ ಅಕ್ಷರ ನೋಡಿದರೆ ಆ ಸಭೆ ನೆನಪಾಗುತ್ತದೆ. ನಾನು ಅಲ್ಲಿ ತರಬೇತಿಗೆ ಸೇರಿ ಆಗ ನಾಲ್ಕು ತಿಂಗಳು, ಅವನು ಅಳತೆ ವಿಭಾಗದ ಮುಖ್ಯಸ್ಥ. ಎಲ್ಲರ ಎದುರಿಗೆ ಎದ್ದು ನಿಂತು, "ಅಣ್ಣ ಸೊನ್ನೆ ನೋಡ್ದೆ ಅಳೆದಿದಾನೆ, ಈ ರಾಶಿ ಪೂರ್ತಿ ಹನ್ನೆರಡು ಮೈಕ್ರಾನ್ ತಪ್ಪು," ಅಂದೆ. ಅಳತೆ ಕಡ್ಡಿಯ ಬಾಯಿ ಖಾಲಿ ಮುಚ್ಚಿ ಮುಳ್ಳು ಸೊನ್ನೆಯ ಮೇಲೆ ನಿಲ್ಲುತ್ತದೋ ಇಲ್ಲವೋ ಎಂದು ನೋಡಲು ಅರ್ಧ ನಿಮಿಷ ಸಾಕಿತ್ತು, ಅದನ್ನು ಅವನು ಮರೆತಿದ್ದ. ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮರುವಾರವೇ ಅವನನ್ನು ಪೆಟ್ಟಿಗೆ ಕಟ್ಟುವ ವಿಭಾಗಕ್ಕೆ ಹಾಕಿದರು. ನಾಲ್ಕು ವರ್ಷವಾಯಿತು, ನನ್ನ ಜೊತೆ ಒಂದು ಮಾತಿಲ್ಲ.

ಬಿಲ್ಲೆ ಬೇಗ ಕಳಿಸಿ.

ನಿಮ್ಮ ಚೂಟಿ

ಫೆಬ್ರವರಿ 14

ಚೂಟಿ,

ಗೂಡು ಗೀಡು ಏನೂ ನನಗೆ ಗೊತ್ತಿಲ್ಲ, ಅದು ಪೆಟ್ಟಿಗೆಯಲ್ಲೇ ಇತ್ತು.

ಬಿರುಕಿನ ಸುದ್ದಿ ನಿನ್ನ ಅಣ್ಣನಿಗೆ ತಲುಪಿಸಿದೆ. ನೀನು ಬರೆದೆ ಅಂತ ಹೇಳಲಿಲ್ಲ, ಪ್ರಯೋಗಶಾಲೆಯವರು ಹೇಳಿದರಂತೆ ಅಂದೆ. ಮುಖ ಕಪ್ಪಿಟ್ಟಿತು. "ನಾನು ಕಟ್ಟಿದ ಪೆಟ್ಟಿಗೇಲಿ ಬಿರುಕಾ?" ಅಂದರು. ಹೊಸ ಸ್ಪಂಜು ತರಿಸಿ ದುಪ್ಪಟ್ಟು ಪದರ ಹಾಕಿದ್ದಾರೆ. ಈ ಪೆಟ್ಟಿಗೆಯನ್ನು ಮಹಡಿಯ ಮೇಲಿಂದ ಎಸೆದರೂ ಒಳಗಿನದಕ್ಕೆ ಏನೂ ಆಗದು.

ಹೊಸ ಬಿಲ್ಲೆ ನೋಡಿದೆಯಾ? ನಿನ್ನ ಮುಖ ಕಾಣುತ್ತದೆ ಅದರಲ್ಲಿ! ಮೊದಲಿನದರ ಮೇಲೆ ಗರಗಸದ ಗೆರೆಗಳಿದ್ದವು. ಹೊರಗಿನವರು ನೋಡುವ ವಸ್ತುವನ್ನು ಹಾಗೆ ಕಳಿಸಿದ್ದೇ ತಪ್ಪು ಅನ್ನಿಸಿತು. ಮನೆಗೆ ಯಾರಾದರೂ ಬರುತ್ತಾರೆಂದರೆ ಮಗುವಿನ ಮುಖ ತೊಳೆಸಿ ಕೂರಿಸುವುದಿಲ್ಲವೇ, ಹಾಗೆ. ಸಾಣೆ ತಟ್ಟೆಯ ಮೇಲೆ ನಾನೇ ಕೂತು ತಿಕ್ಕಿದೆ. ಬೇರೆ ಯಾರ ಕೈಗೂ ಕೊಡಲಿಲ್ಲ. ಮೂರು ದಿನ ಹಿಡಿಯಿತು.

ನಿನ್ನ ಅಣ್ಣ ಅದನ್ನು ಕೈಗೆತ್ತಿಕೊಂಡು ಮೂರು ಸಲ ಅಳೆದರು. ಏನೋ ಹೇಳಲು ಬಾಯಿ ತೆರೆದರು. "ನಿಮ್ಮ ಪೆಟ್ಟಿಗೆ ನೀವು ನೋಡ್ಕೊಳ್ಳಿ, ಹರಳು ನಾನು ನೋಡ್ಕೋತೀನಿ," ಅಂದೆ. ಚೀಟಿ ಬರೆದು ಒಳಗಿಟ್ಟರು.

ಇಪ್ಪತ್ತಕ್ಕೆ ಇನ್ನು ಆರು ದಿನ. ನಿನ್ನೆ ಬೀಗ ಹಾಕಿದ ಬಾಗಿಲನ್ನೇ ಮತ್ತೆ ಹೋಗಿ ಎಳೆದು ನೋಡಿ ಬಂದೆ. ಯಜಮಾನರು ಎದುರಿಗೆ ಸಿಕ್ಕಾಗಲೆಲ್ಲ ಕೈಗಡಿಯಾರ ನೋಡಿಕೊಳ್ಳುತ್ತಾರೆ. ಬೇಕೆಂದೇ ಮಾಡುತ್ತಾರೆ ಅನ್ನಿಸುತ್ತದೆ.

ಅತ್ತಿಗೆ

ಫೆಬ್ರವರಿ 22

ಅತ್ತಿಗೆ,

ಧಾರೆ ಇಲ್ಲ! ಇಪ್ಪತ್ತರ ಬೆಳಿಗ್ಗೆ ಧಾರೆಯನ್ನು ನಮ್ಮ ಕಡೆ ತಿರುಗಿಸುವ ಕಾಂತಕ್ಕೆ ತಣ್ಣೀರು ಹರಿಸುವ ಪಂಪು ಸುಟ್ಟುಹೋಯಿತು. ಅವತ್ತಿಂದ ಇವತ್ತಿನವರೆಗೆ ಒಂದೇ ಒಂದು ಮ್ಯುವಾನ್ ಬಂದಿಲ್ಲ. ಎಣಿಸುವ ಯಂತ್ರದಲ್ಲಿ ಅಂಕಿ ನಿಂತಲ್ಲೇ ನಿಂತಿದೆ. ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನೂರ ಹದಿನಾಲ್ಕು ಹೆಜ್ಜೆ, ಎಷ್ಟು ಸಲ ನಡೆದಿದ್ದೇನೋ ದೇವರಿಗೇ ಗೊತ್ತು.

ಇಲ್ಲಿ ನಮಗೆ ಹೀಲಿಯಂ ತುಂಬಿ ಎಲ್ಲವನ್ನೂ ತಣ್ಣಗಿಡುವ ಒಬ್ಬರಿದ್ದಾರೆ, ನಾವು ಹೀಲಿಯಂ ಮಾವ ಅನ್ನುತ್ತೇವೆ. ನಿಮ್ಮ ಬಿಲ್ಲೆಯನ್ನು ಬೆಳ್ಳಿಯ ತಟ್ಟೆಗೆ ಅಂಟಿಸಿ ಒಳಗಿಳಿಸಿದ್ದು ಅವರೇ. "ಕೂತ್ಕೋ ತಾಯಿ, ನೀನು ಓಡಾಡಿದ್ರೆ ಪಂಪು ರಿಪೇರಿ ಆಗುತ್ತಾ?" ಅಂತ ಗದರಿದರು. ಕೂತೆ. ಎರಡು ನಿಮಿಷಕ್ಕೆ ಎದ್ದೆ.

ನಾಳೆ ಸರಿಹೋಗುತ್ತದಂತೆ. ಹೋದ ದಿನಗಳನ್ನು ಯಾರೂ ತುಂಬಿಕೊಡುವುದಿಲ್ಲ. ಉಳಿದ ಹೊತ್ತಿನಲ್ಲಿ ನನ್ನ ಕೆಲಸ ಬಿಟ್ಟು ನಿಮ್ಮದನ್ನೇ ಮಾಡುತ್ತೇನೆ.

ಚೂಟಿ

ಫೆಬ್ರವರಿ 25

ನನ್ನ ಅತ್ತಿಗೆ, ನನ್ನ ಬಂಗಾರದ ಅತ್ತಿಗೆ,

ಕುಂದಲಿಲ್ಲ! ಅಲೆ ಕುಂದಲೇ ಇಲ್ಲ. ಹತ್ತು ಮೈಕ್ರೊಸೆಕೆಂಡ್‌ವರೆಗೂ ಮೊದಲಿದ್ದಷ್ಟೇ ಎತ್ತರ. ಗೋಡೆಗೆ ಹಗ್ಗ ಕಟ್ಟಿ ಎಳೆದಷ್ಟು ಸಮ. ಇಷ್ಟು ನಿರ್ಮಲವಾದ ಸಿಲಿಕಾನ್ ನಾನು ಇಲ್ಲಿಗೆ ಬಂದ ಈ ಮೂರು ವರ್ಷದಲ್ಲಿ ನೋಡಿಲ್ಲ. ಪಕ್ಕದ ಗುಂಪಿನವರನ್ನು ಕರೆದು ತೋರಿಸಿದೆ, "ಇದು ನಮ್ಮತ್ತಿಗೆ ಬೆಳೆಸಿದ್ದು," ಅಂತ.

ವರದಿಯನ್ನು ಯಜಮಾನರಿಗೆ ಇವತ್ತೇ ಕಳಿಸಿದ್ದೇನೆ. ಏನೇನು ನೋಡಬೇಕೋ ಎಲ್ಲ ನೋಡಿದ್ದೇನೆ. ಇನ್ನೂರು ಬಿಲ್ಲೆ ಕಳಿಸುವ ಕಾಗದಕ್ಕೆ ನೀವು ಧೈರ್ಯವಾಗಿ ಸಹಿ ಹಾಕಿ, ಕುಲುಮೆಯ ಕಿಟಕಿ ಒರೆಸಿ ಕೂತುಕೊಳ್ಳಿ.

ನಿಮ್ಮ ಚೂಟಿ

ಫೆಬ್ರವರಿ 28

ಚೂಟಿ,

ಸಹಿ ಹಾಕಿದೆ. ಯಜಮಾನರು ಕೈಕುಲುಕಿದರು. ಹದಿನೇಳು ವರ್ಷದಲ್ಲಿ ಮೊದಲ ಸಲ. ಇನ್ನೂರು ಬಿಲ್ಲೆ ಮಾರ್ಚ್ ಐದಕ್ಕೆ ಗಾಡಿ ಹತ್ತುತ್ತವೆ. ಎಲ್ಲರೂ ಬಂದು ಅಭಿನಂದಿಸಿ ಹೋದರು. ನಿನ್ನ ಅಣ್ಣ ಒಬ್ಬರು ಮಾತ್ರ ಬರಲಿಲ್ಲ.

ಖುಷಿಯಾಗಬೇಕಲ್ಲವೇ? ಆಗಿದೆ. ಆದರೆ ಯಾಕೋ ಕೈ ಸುಮ್ಮನಿರುತ್ತಿಲ್ಲ. ನಿನ್ನೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಜೋಡಿಸಿದೆ. ಇವತ್ತು ಮತ್ತೆ ಇಳಿಸಿದೆ. ಕುಲುಮೆಯ ಮುಂದೆ ನಿಂತರೆ ಅದು ನನ್ನನ್ನೇ ನೋಡುತ್ತಿದೆ ಅನ್ನಿಸುತ್ತದೆ, ನಗಬೇಡ.

ಒಂದು ಸಣ್ಣ ವಿಷಯ, ಸುಮ್ಮನೆ ಕೇಳುತ್ತಿದ್ದೇನೆ. ಬಿಲ್ಲೆಗೆ ತುಂಬಾ ಸಾಣೆ ಹಿಡಿದರೆ ನಿನ್ನ ಮ್ಯುವಾನುಗಳಿಗೆ ಏನೂ ತೊಂದರೆ ಇಲ್ಲ ತಾನೆ? ಪುರುಸೊತ್ತಾದಾಗ ಬರೆ. ಅವಸರವಿಲ್ಲ.

ಅತ್ತಿಗೆ

ಮಾರ್ಚ್ 4

ಅತ್ತಿಗೆ,

ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ಏನಾಗಿರುತ್ತದೋ ಗೊತ್ತಿಲ್ಲ. ಬರೆಯದೆ ಇರಲು ಮಾತ್ರ ಆಗುತ್ತಿಲ್ಲ.

ಬೆಳಿಗ್ಗೆ ನಿಮ್ಮ ಪತ್ರ ಬಂತು. "ತುಂಬಾ ಸಾಣೆ" ಎಂಬ ಮಾತು ಓದಿದ ಕೂಡಲೇ ಕಪಾಟಿನ ಕಡೆ ಓಡಿದೆ. ತುಂಬಾ ಅಂದರೆ ಎಷ್ಟು? ಬಿಲ್ಲೆ ಇನ್ನೂ ಬೆಳ್ಳಿ ತಟ್ಟೆಗೆ ಅಂಟಿಕೊಂಡು ಕಪಾಟಿನಲ್ಲಿದೆ, ಅಂಚು ಪೂರ್ತಿ ಟೇಪಿನ ಕೆಳಗಿದೆ, ಕಾಣುವುದು ಹೊಳಪು ಮಾತ್ರ. ಆಗ ಡ್ರಾಯರ್ ನೆನಪಾಯಿತು. ಅಣ್ಣನ ಎರಡು ಚೀಟಿಗಳನ್ನೂ ಬಿಚ್ಚಿದೆ. ಮೊದಲನೆಯದು: "ಬಿಲ್ಲೆ ಒಂದು. ದಪ್ಪ 1,002 ಮೈಕ್ರಾನ್. ಅಳತೆಗೆ ಮುಂಚೆ ಸೊನ್ನೆ ನೋಡಿದೆ." ಎರಡನೆಯದು: "ಬಿಲ್ಲೆ ಒಂದು. ದಪ್ಪ 310 ಮೈಕ್ರಾನ್. ಹೋದ ಸಲದ್ದು 1,002 ಇತ್ತು, ಗಮನಿಸುವುದು. ಮೂರು ಸಲ ಅಳೆದೆ. ಮೂರು ಸಲವೂ ಅಳತೆಗೆ ಮುಂಚೆ ಸೊನ್ನೆ ನೋಡಿದೆ."

ಅತ್ತಿಗೆ, ಮ್ಯುವಾನ್ ಸಿಲಿಕಾನಿನಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಓಡಿ ನಿಲ್ಲುತ್ತದೆ. ಒಂದು ಮಿಲಿಮೀಟರಿನ, ಅಂದರೆ ಸಾವಿರ ಮೈಕ್ರಾನಿನ ಬಿಲ್ಲೆಯಾದರೆ ಅದರ ಹೊಟ್ಟೆಯಲ್ಲೇ ನಿಲ್ಲುತ್ತದೆ. ನೀವು ತಿಕ್ಕಿ ತಿಕ್ಕಿ ಮೂರರಲ್ಲಿ ಒಂದು ಪಾಲಿಗೆ ಇಳಿಸಿದ್ದೀರಿ. ಮ್ಯುವಾನುಗಳು ಅದನ್ನು ದಾಟಿ ಹೋಗಿ ಹಿಂದಿನ ಬೆಳ್ಳಿಯಲ್ಲಿ ನಿಂತವು. ಬೆಳ್ಳಿಯಲ್ಲಿ ಅಲೆ ಎಂದೂ ಕುಂದುವುದಿಲ್ಲ, ಅದಕ್ಕೇ ನಾವು ಬೆಳ್ಳಿ ತಟ್ಟೆ ಇಡುವುದು. ನಾನು ಕುಣಿದಾಡಿ ಎಲ್ಲರಿಗೂ ತೋರಿಸಿದ ಆ ನಿರ್ಮಲವಾದ ಅಲೆ ನಿಮ್ಮ ಹರಳಿನದಲ್ಲ, ನಮ್ಮ ತಟ್ಟೆಯದು.

ನಿಮ್ಮ ಮೇಲೆ ಹಾಕುತ್ತಿಲ್ಲ. ಕೇಳಿ. ಬಿಲ್ಲೆ ಇಡುವ ಮೊದಲು ಖಾಲಿ ತಟ್ಟೆಗೇ ಒಂದು ಸಲ ಧಾರೆ ಬಿಟ್ಟು ನೋಡಬೇಕು. ಅದು ನಮ್ಮ ಕೆಲಸದ ಮೊದಲ ಪಾಠ. ನಾನು ನೋಡಲಿಲ್ಲ. ಮೂರು ದಿನ ಹೋಗಿದೆ, ಇದಕ್ಕೆ ಆರು ಗಂಟೆ ಎಲ್ಲಿಂದ ತರಲಿ ಎಂದು ಬಿಟ್ಟುಬಿಟ್ಟೆ. ನೋಡಿದ್ದರೆ ಎರಡೂ ಅಲೆ ಒಂದೇ ಥರ ಇರುವುದು ಕಣ್ಣಿಗೆ ರಾಚುತ್ತಿತ್ತು. ನಿಮಗೆ ಮಾತ್ರ "ಎಲ್ಲ ನೋಡಿದ್ದೇನೆ" ಎಂದು ಬರೆದೆ. ಒಳ್ಳೆಯ ಸುದ್ದಿ ಬೇಕಿತ್ತು, ಅದಕ್ಕೆ ಅವಸರ ಮಾಡಿದೆ. ನಾಲ್ಕು ವರ್ಷದ ಹಿಂದೆ ಸಭೆಯಲ್ಲಿ ಎದ್ದು ನಿಂತು "ಸೊನ್ನೆ ನೋಡಿಲ್ಲ" ಅಂದ ಮಹಾತಾಯಿ ನಾನೇ.

ನಿಮಗೆ ಫೋನ್ ಮಾಡಿದೆ, ಎತ್ತಲಿಲ್ಲ. ಯಜಮಾನರ ಕೋಣೆಗೆ ಮಾಡಿದೆ, ಊರಲ್ಲಿಲ್ಲ ಅಂದರು. ನಾಳೆ ಗಾಡಿ ಹೊರಡುತ್ತದೆ. ಕೊನೆಗೆ ಪೆಟ್ಟಿಗೆ ವಿಭಾಗಕ್ಕೆ ಮಾಡಿದೆ. ಎತ್ತಿದ್ದು ಅಣ್ಣ.

"ಹಲೋ" ಅಂದ. "ಅಣ್ಣ, ಆ ಇನ್ನೂರು ಬಿಲ್ಲೆ ಗಾಡಿಗೆ ಹತ್ತಿಸ್ಬೇಡ," ಅಂದೆ.

ಅವನ ಹಿಂದೆ ಯಾರೋ ಟೇಪು ಹರಿಯುವ ಸದ್ದು ಕೇಳುತ್ತಿತ್ತು.

"ಮುನ್ನೂರ ಹತ್ತು ಓದಿದ್ಯಾ?" ಅಂದ.

"ಈಗ ಓದ್ದೆ."

"ಸರಿ," ಅಂದು ಇಟ್ಟುಬಿಟ್ಟ.

ಅಷ್ಟೇ. ಯಾಕೆ ಏನು ಎಂದು ಹೇಳಲು ಬಿಡಲಿಲ್ಲ. ವರದಿ ವಾಪಸು ಪಡೆಯುತ್ತೇನೆ ಎಂದು ಯಜಮಾನರಿಗೆ ಬರೆದಿದ್ದೇನೆ, ಅವರು ಯಾವಾಗ ಓದುತ್ತಾರೋ. ಅಲ್ಲಿ ನಿಂತು ಹೇಳಬೇಕಾದವರು ನೀವು. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಚೂಟಿ

ಮಾರ್ಚ್ 8

ಚೂಟಿ,

ಮೊದಲು ನಿನ್ನ ಕಣ್ಣು ಒರೆಸಿಕೋ. ಗಾಡಿ ಹೊರಡಲಿಲ್ಲ.

ಅವತ್ತು ನಾನು ಕುಲುಮೆಯ ಮುಂದಿದ್ದೆ. ನಿನ್ನ ಅಣ್ಣ ಬಂದು ಬಾಗಿಲಲ್ಲಿ ನಿಂತರು. ನಾಲ್ಕು ವರ್ಷದಲ್ಲಿ ಆ ಕಡೆ ತಲೆ ಹಾಕಿದವರಲ್ಲ. "ನಿನ್ನ ನಾದಿನಿ ಫೋನ್ ಮಾಡಿದ್ಲು," ಅಂದರು. ನಿನ್ನ ನಾದಿನಿಯಂತೆ, ಇವರಿಗೆ ಏನೂ ಆಗಬೇಕಿಲ್ಲವಂತೆ! ಆಮೇಲೆ ತಗ್ಗಿದ ದನಿಯಲ್ಲಿ, "ಎಷ್ಟು ಸಲ ತಿಕ್ಕಿದೆ, ನಿಜ ಹೇಳು," ಅಂದರು. ಹೇಳಿದೆ.

ನಿನಗೂ ನಿಜ ಹೇಳಿಬಿಡುತ್ತೇನೆ. ಗರಗಸದ ಗೆರೆ ಹೋಗಲು ಒಂದು ಸಲ ಸಾಕಿತ್ತು. ಒಂದು ಸಲ ತಿಕ್ಕಿ, ನನ್ನ ಹಳೆಯ ಅಭ್ಯಾಸದಂತೆ ಆಸಿಡ್ ಹಾಕಿ ನೋಡಿದೆ; ಇಲ್ಲಿಯ ಈಗಿನ ಪರೀಕ್ಷೆಗಳಲ್ಲಿ ಅದಿಲ್ಲ. ದೋಷ ಇದ್ದಲ್ಲಿ ಆಸಿಡ್ ಸಣ್ಣ ಗುಳಿ ಕೊರೆಯುತ್ತದೆ. ಗುಳಿ ಇದ್ದವು. ಗರಗಸದ ಪೆಟ್ಟು ಇನ್ನೂ ಉಳಿದಿದೆ ಎಂದುಕೊಂಡು ಮತ್ತೆ ತಿಕ್ಕಿದೆ. ಮತ್ತೆ ಗುಳಿ. ಮತ್ತೆ ತಿಕ್ಕಿದೆ. ಕೊನೆಯ ಸಲ ಬರಿ ಹೊಳಪು ಕೊಟ್ಟೆ, ಆಸಿಡ್ ಹಾಕಿ ನೋಡಲೇ ಇಲ್ಲ. ನೋಡುವ ಧೈರ್ಯ ಇರಲಿಲ್ಲ ಕಣೆ. ಮೋಸ ಮಾಡಬೇಕು ಅಂತ ಮನಸ್ಸಿನಲ್ಲಿ ಇರಲಿಲ್ಲ. ಆದರೆ ಇಲ್ಲ ಅಂದುಕೊಂಡೇ ಮಾಡಿದ್ದೂ ಮೋಸವೇ ಅಲ್ಲವೇ? ಉಸಿರಾಟದ ಯಂತ್ರ ಅದು. ಯಾರದೋ ಅಮ್ಮ, ಯಾರದೋ ಮಗು.

ಯಜಮಾನರು ಐದನೇ ತಾರೀಕು ಬೆಳಿಗ್ಗೆ ಬಂದರು. ಅಷ್ಟು ಹೊತ್ತಿಗೆ ಗಾಡಿಯವನು ಕೂಗಾಡುತ್ತಿದ್ದ. ನಿನ್ನ ಅಣ್ಣ ಇನ್ನೂರು ಬಿಲ್ಲೆಯ ಪೆಟ್ಟಿಗೆಗಳ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. "ಚೀಟಿ ಬರೆದಾಗಿಲ್ಲ, ಚೀಟಿ ಇಲ್ದೆ ಪೆಟ್ಟಿಗೆ ಹೊರಗೆ ಹೋಗಲ್ಲ," ಇದೊಂದೇ ಮಾತು. ನಾನು ಹೋಗಿ ಎಲ್ಲರ ಎದುರಿಗೇ ಹೇಳಿದೆ. ಸಾಣೆ ಹಿಡಿದದ್ದು, ಗುಳಿ ಕಂಡದ್ದು, ಕಂಡೂ ಮುಚ್ಚಿದ್ದು. ನೀನು ಅವತ್ತು ಸಭೆಯಲ್ಲಿ ನಿಂತಾಗ ನಿನ್ನ ಅಣ್ಣನಿಗೆ ಹೇಗಾಗಿರಬೇಕು ಎಂದು ನನಗೆ ಈಗ ಗೊತ್ತಾಯಿತು. ನೆಲ ನೋಡುತ್ತಾ ಮಾತಾಡುತ್ತಿದ್ದೆ. ತಲೆ ಎತ್ತಿದರೆ ಅವರು ಕುರ್ಚಿ ಬಿಟ್ಟು ಬಂದು ಪಕ್ಕದಲ್ಲಿ ನಿಂತಿದ್ದರು.

ಮೂರನೇ ಕುಲುಮೆ ಆರಿಸಿದರು. ಆರಿಸಿದ ಮೇಲೆ ಅದು ತಣ್ಣಗಾಗಲು ಒಂದೂವರೆ ದಿನ ಬೇಕು, ಅಷ್ಟೂ ಹೊತ್ತು ಟಿಕ್ ಟಿಕ್ ಅನ್ನುತ್ತಿರುತ್ತದೆ. ನನ್ನನ್ನು ಸದ್ಯಕ್ಕೆ ಕೊಯ್ಯುವ ಕೋಣೆಯಲ್ಲಿ ಕೂರಿಸಿದ್ದಾರೆ. ಗರಗಸದ ಸದ್ದಿಗೆ ಕಿವಿ ಗುಂಯ್ ಅನ್ನುತ್ತದೆ. ಎಷ್ಟು ಅಳಬೇಕೋ ಅಷ್ಟು ಅತ್ತಿದ್ದೇನೆ, ನೀನು ಅಳಬೇಡ.

ಈ ಪೆಟ್ಟಿಗೆಯಲ್ಲಿ ಅದೇ ದಿಂಡಿನ ಬಿಲ್ಲೆ ಇದೆ. ಗರಗಸದಿಂದ ಬಂದ ಹಾಗೆಯೇ ಇದೆ, ನನ್ನ ಕೈ ತಾಗಿಸಿಲ್ಲ. ಒಳಗೆ ಏನಿದೆಯೋ ಅದನ್ನೇ ಹೇಳು. ನನಗೆ ಬೇಸರವಾಗುತ್ತದೆ ಅಂತ ಒಂದು ಅಕ್ಷರ ಮೆತ್ತಗೆ ಬರೆದರೆ ನೋಡು ಮತ್ತೆ!

ಗೂಡಿನ ವಿಷಯ ಮರೆತಿದ್ದೆ. ನಿನ್ನೆ ಊಟಕ್ಕೆ ಕೂತಾಗ ಕೇಳಿದೆ, "ಆ ಸ್ಪಂಜಲ್ಲಿ ಲಕೋಟೆ ಅಗಲದ ಗೂಡು ಯಾಕೆ?" ಅಂತ. ಅನ್ನ ಕಲಸುತ್ತಲೇ, "ನೀನು ಅವಳಿಗೆ ಹರಳು ಕಳ್ಸಿ ಪತ್ರ ಬರೀದೆ ಇರ್ತೀಯಾ? ಬಿಡಿಯಾಗಿ ತುರುಕಿದ್ರೆ ಬಿಲ್ಲೆ ಮೇಲೆ ಒತ್ತುತ್ತೆ, ಅದಕ್ಕೆ ಕೊರ್ದೆ," ಅಂದರು. ಮೊದಲ ಪೆಟ್ಟಿಗೆಯಿಂದಲೂ ಗೊತ್ತಿತ್ತಂತೆ! ನಾನು ಕಳ್ಳಿಯ ಹಾಗೆ ಅವರು ಊಟಕ್ಕೆ ಹೋಗುವುದನ್ನೇ ಕಾಯುತ್ತಿದ್ದೆ. ನಿನ್ನ ಹೆಸರು ಬಂದರೂ ಅವತ್ತು ತಟ್ಟೆ ಬಿಟ್ಟು ಏಳಲಿಲ್ಲ.

ಅತ್ತಿಗೆ

ಮಾರ್ಚ್ 19

ಅತ್ತಿಗೆ,

ಪಕ್ಕದ ಗುಂಪಿನವರ ಕೈಕಾಲು ಹಿಡಿದು ಒಂದು ದಿನ ಬೇಡಿ ತೆಗೆದುಕೊಂಡೆ. ಮುಂದಿನ ಸಲದ ನನ್ನ ಆರು ದಿನಗಳಲ್ಲಿ ಎರಡು ಕತ್ತರಿಸಿದ್ದಾರೆ, ಅದು ನನಗೆ ಆಗಬೇಕಾದ್ದೇ. ಬೆಳಿಗ್ಗೆ ಮೊದಲು ಖಾಲಿ ತಟ್ಟೆ ಇಟ್ಟು ಆರು ಗಂಟೆ ನೋಡಿದೆ. ಹೀಲಿಯಂ ಮಾವ, "ಬೆಳ್ಳಿ ಅಂಗಡಿ ಇಡ್ತೀಯಾ ಹೇಗೆ?" ಅಂತ ರೇಗಿಸಿದರು. ಅದಾದ ಮೇಲೆ ನಿಮ್ಮ ಬಿಲ್ಲೆ.

ಮೆತ್ತಗೆ ಬರೆಯಬೇಡ ಅಂದಿದ್ದೀರಿ. ಅಲೆ ಕುಂದಿತು ಅತ್ತಿಗೆ. ಎರಡು ಮೈಕ್ರೊಸೆಕೆಂಡ್‌ಗೇ ಅರ್ಧಕ್ಕಿಳಿಯಿತು. ಹರಳಿನ ತುಂಬ ಗುಂಡಿಗಳಿವೆ. ಆ ಇನ್ನೂರು ಹೋಗಿದ್ದರೆ ಒಂದಲ್ಲ ಒಂದು ದಿನ ನಿಲ್ಲುತ್ತಿದ್ದವು. ಗುಂಡಿ ಯಾಕೆ ಬಿತ್ತು ಎಂದು ನನ್ನ ಮ್ಯುವಾನ್ ಹೇಳುವುದಿಲ್ಲ, ಇದೆ ಎಂದಷ್ಟೇ ಹೇಳುತ್ತದೆ. ಕುಲುಮೆಗೆ ಹೋಗುವ ಅನಿಲದ ಕೊಳವೆಯಲ್ಲಿ ತೇವ ಇದೆಯೇ, ದಿಂಡನ್ನು ಎಳೆಯುವ ವೇಗ ಏರುಪೇರಾಗುತ್ತಿದೆಯೇ, ಇದನ್ನೆಲ್ಲ ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಯಜಮಾನರಿಗೂ ಇದೇ ಮಾತು ಬರೆದಿದ್ದೇನೆ. ಈ ಬಿಲ್ಲೆ ದಿಂಡಿನ ತಲೆಯ ಕಡೆಯದು, ಮೊದಲು ಬೆಳೆದ ಭಾಗ. ಬಾಲದ ಕಡೆಯಿಂದ ಇನ್ನೊಂದು ಕಳಿಸಿ. ಅಲ್ಲೂ ಇಷ್ಟೇ ಗುಂಡಿ ಇದ್ದರೆ ತೊಂದರೆ ಮೊದಲಿನಿಂದಲೇ ಇತ್ತು, ಅಲ್ಲಿ ಹೆಚ್ಚಿದ್ದರೆ ಆಮೇಲೆ ಶುರುವಾಗಿದೆ. ಅಷ್ಟು ಗೊತ್ತಾದರೆ ಕುಲುಮೆಯನ್ನು ಮತ್ತೆ ಹಚ್ಚುವ ದಾರಿ ಸಿಗಬಹುದು. ಹಚ್ಚುವವರು ನೀವೇ ಆಗಬೇಕು ಎಂದು ನನ್ನ ಆಸೆ.

ಇನ್ನು ಮುಂದಿನದನ್ನು ಅಣ್ಣನಿಗೆ ಓದಿ ಹೇಳಿ. ಅವನೇ ಓದಿದರೆ ಇನ್ನೂ ಒಳ್ಳೆಯದು.

ಅಣ್ಣ, ಮೊದಲ ಬಿಲ್ಲೆ ನಿನ್ನ ಪೆಟ್ಟಿಗೆಯಲ್ಲಿ ಒಡೆಯಲಿಲ್ಲ. ಬೆಳ್ಳಿ ತಟ್ಟೆಗೆ ನಾನು ಬಿಗಿಯಾಗಿ ಅಂಟಿಸಿ ತಣ್ಣಗೆ ಮಾಡಿದೆ, ಬೆಳ್ಳಿ ಕುಗ್ಗಿತು, ಬಿಲ್ಲೆ ನನ್ನ ಕಣ್ಣೆದುರಿಗೇ ಚಟ್ ಅಂದಿತು. "ದಾರಿಯಲ್ಲಿ ಆಯಿತೋ ಏನೋ" ಎಂದು ಬರೆದು ನಿನ್ನ ತಲೆಗೆ ಕಟ್ಟಿದೆ. ಎರಡನೇ ಸಲ ನಿನ್ನ ಕೆಲಸದ ಮೇಲೆ ಹೊರಿಸಿದ್ದು ಇದು. ಮೊದಲನೇ ಸಲ ಹೇಳಿದ್ದು ಸರಿಯಾಗಿತ್ತು, ಆದರೆ ನಿನ್ನ ಮೇಜಿನ ಹತ್ತಿರ ಬಂದು ಕಿವಿಯಲ್ಲಿ ಹೇಳಬಹುದಿತ್ತು. ಹತ್ತು ಹೆಜ್ಜೆ ದೂರ ಇತ್ತು ನಿನ್ನ ಮೇಜು. ನಾನು ಜಾಣೆ ಎಂದು ಎಲ್ಲರಿಗೂ ತೋರಿಸಬೇಕಿತ್ತು, ಅದಕ್ಕೇ ಬರಲಿಲ್ಲ. ಸೈಕಲ್ ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ನೀನು, ಅಳತೆ ಕಡ್ಡಿ ಹಿಡಿಯುವುದು ಹೇಗೆ ಎಂದು ನನ್ನ ಬೆರಳು ಹಿಡಿದು ಕಲಿಸಿದವನೂ ನೀನೇ. ತಪ್ಪಾಯಿತು ಅಣ್ಣ.

ನಿನ್ನ ಮೂರು ಚೀಟಿಗಳನ್ನೂ ಪ್ರಯೋಗದ ಪುಸ್ತಕದಲ್ಲಿ ಅಂಟಿಸಿದ್ದೇನೆ. ಈಗ ಪೆಟ್ಟಿಗೆ ಬಂದರೆ ಮೊದಲು ಅದನ್ನೇ ಓದುತ್ತೇನೆ.

ಚೂಟಿ

ಮಾರ್ಚ್ 24

ಪೆಟ್ಟಿಗೆ ಚೀಟಿ

ಬಿಲ್ಲೆ ಒಂದು. ದಿಂಡಿನ ಬಾಲದ ಕಡೆಯದು. ಸಾಣೆ ಹಿಡಿದಿಲ್ಲ.

ದಪ್ಪ 1,004 ಮೈಕ್ರಾನ್. ಅಳತೆಗೆ ಮುಂಚೆ ಸೊನ್ನೆ ನೋಡಿದೆ.

ಬಿಗಿಯಾಗಿ ಅಂಟಿಸಬಾರದು.

ಪತ್ರ ಎರಡು. ಒಂದು ನಿನ್ನ ಅತ್ತಿಗೆಯದು.